ಟಾರ್ ಬಿಡೂದೋ, ಮಣ್ಣಿಗೆ ಇಳಿಯೂದೋ? ಕೈ ಸೋತ ಬೈಕ್ ರೇಸ್ ಟೀಮಿಗೆ ಯಾವ ಚಾಂಪಿಯನ್‌ಶಿಪ್ ಹೊಂದತೈತಿ

ಈ ಸಲ ದಸರಾ ಮುಗದ ಮ್ಯಾಲ ಮೂರು ಟೀಮಿನವರು ನನಗ ಒಂದ ಪ್ರಶ್ನಾ ಕೇಳ್ಯಾರ. ಒಬ್ರು ಗದಗದವರು, ಇನ್ನೊಬ್ರು ಹಾವೇರಿ ಕಡಿ ಅಣ್ಣ ತಮ್ಮ, ಮತ್ತೊಂದ ಇಲ್ಲೇ ನಮ್ಮ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ ಲೇಥ್ ಅಂಗಡಿ ಹುಡುಗೂರದು. "ಅಣ್ಣಾ, ರೋಡ್ ರೇಸಿಂಗ್ ಮಾಡಾಕ ಹತ್ತಿ ಎರಡ-ಮೂರು ವರ್ಷ ಆತು, ರೊಕ್ಕ ನೀರಿನಂಗ ಹೊಂಟೈತಿ, ರಿಸಲ್ಟ್ ಇಲ್ಲ, ಬ್ಯಾರೆ ಚಾಂಪಿಯನ್‌ಶಿಪ್‌ಗೆ ಹೋಗೂನೋ ಇದನ್ನ ಹಿಡ್ಕೊಂಡ ಕುಂದ್ರೂನೋ?" ಅಂತ. ಫೋನಿನ್ಯಾಗ ಒಬ್ಬೊಬ್ಬರಿಗೂ ಅರ್ಧ ಅರ್ಧ ಹೇಳೂದಕಿಂತ ಒಂದ ಕಡಿ ಕುಂತ ಪೂರಾ ಬರದ ಬಿಡೂನು ಅನಸ್ತು.

ನಾವೂ ಇದರಾಗ ಹಾದ ಬಂದವರ. ಮೂರು ಸೀಸನ್ ನ್ಯಾಷನಲ್ ರೋಡ್ ರೇಸಿಂಗ್ ನ್ಯಾಗ 165 ಸಿಸಿ ಕ್ಲಾಸ್ ಓಡಿಸಿದ್ವಿ, ಇಬ್ರು ರೈಡರ್, ಒಬ್ಬ ಮೆಕ್ಯಾನಿಕ್, ಒಂದ ಬೊಲೆರೊ ಪಿಕಪ್. ಮೂರನೇ ವರ್ಷದ ನಡಬರಕ ಸ್ಪಾನ್ಸರ್ ಕೈಬಿಟ್ರು. ಅವತ್ತ ರಾತ್ರಿ ನಾನು ಮತ್ತ ನಮ್ಮ ಮೆಕ್ಯಾನಿಕ್ ಕಾಕಾ ಗ್ಯಾರೇಜಿನ ಶಟರ್ ಅರ್ಧ ಎಳಕೊಂಡ ಕುಂತು ಮೂರು ವರ್ಷದ ಡೈರಿ ತಗದು ಲೆಕ್ಕ ಹಾಕಿದ್ವಿ. ಆ ಲೆಕ್ಕಾನ ಮೊದಲ ಹೇಳ್ತೀನಿ, ಯಾಕಂದ್ರ ಅದ ನಮ್ಮ ಕಣ್ಣ ತೆರಸ್ತು.

ಚೆನ್ನೈ ಹತ್ರ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಐತೆಲ್ಲ, 1990ರಾಗ ಶುರು ಆಗಿದ್ದು, ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂತಾರ, ಅದರ ಒಂದ ಲ್ಯಾಪ್ 3.7 ಕಿಲೋಮೀಟರ್ ಚಿಲ್ಲರ. ಒಂದ ರೌಂಡಿಗೆ, ಅಂದ್ರ ಒಂದ ಸಲ ರೇಸಿಗೆ ಹೋದ್ರ, ಪ್ರಾಕ್ಟೀಸು, ಕ್ವಾಲಿಫೈಯಿಂಗು, ಎರಡ ರೇಸು ಎಲ್ಲಾ ಕೂಡಿಸಿದ್ರ ನಮ್ಮ ಹುಡುಗಗ ಸುಮಾರು 30 ಲ್ಯಾಪ್ ಸಿಕ್ಕಿದ್ವು. ವರ್ಷಕ್ಕ ನಾಲ್ಕ ರೌಂಡ್ ಹಿಡಿದ್ರ 120 ಲ್ಯಾಪ್, ಅಂದ್ರ ಹೆಚ್ಚು ಕಡಿಮಿ 450 ಕಿಲೋಮೀಟರ್. ವರ್ಷಪೂರ್ತಿ ನಮ್ಮ ರೈಡರ್ ಟ್ರ್ಯಾಕಿನ ಮ್ಯಾಲ ಗಾಡಿ ಹೊಡದಿದ್ದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದ ಸಲ ಹೋದಷ್ಟ! ಅಷ್ಟಕ್ಕ ನಾವು ಪಿಕಪ್ ಓಡಿಸಿದ್ದು ಎಷ್ಟು? ಹೋಗೂದು 720, ಬರೂದು 720, ನಾಲ್ಕ ಸಲ, ಅಂದ್ರ 5,700 ಕಿಲೋಮೀಟರ್ ಮ್ಯಾಲ. ಲೀಟರಿಗೆ 12 ಕಿಲೋಮೀಟರ್ ಕೊಟ್ರೂ ಹೋಗಿ ಬರೂ ಒಂದ ಟ್ರಿಪ್ಪಿಗೆ 120 ಲೀಟರ್ ಡೀಸೆಲ್. ಆ ಡೈರಿ ಹಾಳಿ ಕಾಕಾನ ಕೈಯಾಗ ಇತ್ತು, ಅವರು ಏನೂ ಮಾತಾಡಲಿಲ್ಲ, ಪೆನ್ನಿಂದ 450ರ ಸುತ್ತ ಒಂದ ಗೋಲ ಹಾಕಿ ನನ್ನ ಕಡೆ ಸರಿಸಿದ್ರು.

ಅಲ್ಲೀತನ ನಾವು ನಮ್ಮ ಇಂಜಿನ್ ಕಡಿಮಿ ಪವರ್ ಕೊಡತೈತಿ, ಕಂಪನಿ ಟೀಮಿನವರ ಹತ್ರ ಏನೋ ಬ್ಯಾರೆ ಐತಿ ಅಂತ ತಿಳಕೊಂಡಿದ್ವಿ. ಇಂಜಿನ್ ಫರಕ್ ಸ್ವಲ್ಪ ಇತ್ತು, ಇಲ್ಲ ಅನ್ನಂಗಿಲ್ಲ. ಆದ್ರ ಖರೇ ಫರಕ್ ಲ್ಯಾಪಿನದು. ಟ್ರ್ಯಾಕಿನ ಬಾಜೂಕ ಮನಿ ಇದ್ದ ಚೆನ್ನೈ ಹುಡುಗ ಸೀಸನ್ ಶುರು ಆಗೂದ್ರೊಳಗನ ನಮ್ಮ ಹುಡುಗನ ಎರಡ ವರ್ಷದ ಲ್ಯಾಪ್ ಮುಗಿಸಿರ್ತಾನ.

ಅದಕ್ಕ ನನ್ನ ಮಾತ ಇಷ್ಟ: ಯಾವ ಚಾಂಪಿಯನ್‌ಶಿಪ್ ಅನ್ನೂದನ್ನ ರೇಸಿನ ಎಂಟ್ರಿ ಫೀಸ್ ನೋಡಿ ಆರಿಸಬ್ಯಾಡ್ರಿ, ಅದರ ಪ್ರಾಕ್ಟೀಸ್ ನಿಮಗ ಎಷ್ಟಕ್ಕ ಬೀಳತೈತಿ ಅನ್ನೂದನ್ನ ನೋಡಿ ಆರಿಸ್ರಿ.

ಮೊದಲ ಅಳತಿ ಕೋಲು ಹಿಡೀರಿ

ಆಯ್ಕೆ ನೋಡೂಕಿಂತ ಮೊದಲ ಐದು ಪ್ರಶ್ನಾ ಹಾಕ್ಕೊಳ್ರಿ, ಹಾಳಿ ಮ್ಯಾಲ ಬರದು, ಟೀಮಿನ ಎಲ್ಲಾರೂ ಕುಂತು.

ಪ್ರಾಕ್ಟೀಸ್ ಎಲ್ಲಿ ಅನ್ನೂದು ಒಂದು, ಅದನ್ನ ಹೇಳಿದೆ. ಎರಡನೇದು, ಒಂದ ಸಲ ಬಿದ್ರ ಖರ್ಚೆಷ್ಟು. ಟಾರ್ ಮ್ಯಾಲ ಜೋರಿನ್ಯಾಗ ಬಿದ್ರ ಫೇರಿಂಗು (ಗಾಡಿ ಮೈಮ್ಯಾಲಿನ ಕವಚ), ಕ್ಲಿಪ್ ಆನ್ (ರೇಸ್ ಹ್ಯಾಂಡಲ್), ಫುಟ್ ಪೆಗ್, ಲೆದರ್ ಸೂಟು ಎಲ್ಲಾ ಒಂದ ಏಟಿಗೆ ಹೋಗತೈತಿ. ಮಣ್ಣಿನ್ಯಾಗ ಬಿದ್ರ ಗಾಡಿಗೆ ಲಿವರ್ ಮುರೀತೈತಿ, ಹ್ಯಾಂಡಲ್ ಸೊಟ್ಟ ಆಗತೈತಿ, ಬಡದು ನೆಟ್ಟಗ ಮಾಡಿ ಮತ್ತ ಹೊಡೀಬಹುದು, ಆದ್ರ ಬೀಳೂದು ಭಾಳ ಸಲ, ಕಾಲರ್ ಬೋನ್, ಮಣಿಕಟ್ಟು, ಮೊಣಕಾಲ ಇವಕ್ಕ ಲೆಕ್ಕ ಇಡಬೇಕ. ಮೂರನೇದು, ನಿಮ್ಮ ಟೀಮಿನ ಕೈ ಯಾವುದರಾಗ ಚಲೋ ಐತಿ, ಇಂಜಿನ್ ಕಟ್ಟೂದರಾಗೋ, ಸಸ್ಪೆನ್ಷನ್ ಸೆಟ್ಟಿಂಗಿನ್ಯಾಗೋ, ಅಥವಾ ರೈಡರ್ ಒಬ್ಬನ ಟೀಮಿನ ಜೀವಾಳನೋ. ನಾಲ್ಕನೇದು, ನಿಮಗ ರೊಕ್ಕ ಕೊಡೂ ಮನುಷ್ಯಾ ತನ್ನ ಅಂಗಡಿ ಹೆಸರು ಎಲ್ಲಿ ಕಾಣಬೇಕಂತಾನ. ಚೆನ್ನೈ ಟ್ರ್ಯಾಕಿನ್ಯಾಗ ಹುಬ್ಬಳ್ಳಿ ಟಯರ್ ಅಂಗಡಿ ಸ್ಟಿಕರ್ ಕಂಡ್ರ ಅವರಿಗೆ ಒಬ್ಬ ಗಿರಾಕಿನೂ ಬರೂದಿಲ್ಲ, ಇದು ನಮ್ಮ ಸ್ಪಾನ್ಸರ್ ನಮಗ ಬಾಯಿ ಬಿಟ್ಟ ಹೇಳಿದ ಮಾತು, ಅವರ ಮ್ಯಾಲ ನನಗ ಸಿಟ್ಟಿಲ್ಲ, ಅವರ ಮಾತ ಬರೋಬ್ಬರಿನ ಇತ್ತು.

ಐದನೇದು ಎಲ್ಲಾದ್ರಕಿಂತ ಕಠಿಣ. ನಾವು ಉಳಿಸಾಕ ಹೊಂಟಿದ್ದು ಯಾರನ್ನ, ರೈಡರ್‌ನ್ನೋ ಟೀಮ್‌ನ್ನೋ? ಇಬ್ಬರನ್ನೂ ಉಳಿಸೂ ದಾರಿ ಒಂದೊಂದ ಸಲ ಇರೂದಿಲ್ಲ. ಈ ಮಾತನ್ನ ಯಾರೂ ಬಾಯಿ ಬಿಟ್ಟ ಆಡೂದಿಲ್ಲ, ಆಡದ ಇದ್ರ ಆಮ್ಯಾಲ ಜಗಳಾ ಆಗಿ ಗ್ಯಾರೇಜ್ ಮುಚ್ಚತೈತಿ. ಕಂಡೀನಿ ನಾನು.

ಬದಲಾಯಿಸೂದು ಅವಮಾನ ಅಲ್ಲ

ಹುಡುಗೂರಿಗೆ ಇದರದ ದೊಡ್ಡ ಸಂಕಟ. "ಬಿಟ್ಟ ಬಂದ್ರು ಅಂತಾರ" ಅಂತ. ಕವಾಸಾಕಿಯಂಥಾ ಕಂಪನಿ 2008ರ ಸೀಸನ್ ಮುಗದ ಮ್ಯಾಲ ಮೋಟೋಜಿಪಿ (ಜಗತ್ತಿನ ಎಲ್ಲಾದ್ರಕಿಂತ ದೊಡ್ಡ ಬೈಕ್ ರೇಸ್) ಫ್ಯಾಕ್ಟರಿ ಟೀಮ್ ಬಿಡ್ತು, ಗೆಲ್ಲಾಕ ಆಗವಲ್ದಾಗಿತ್ತು, ಖರ್ಚು ಮಿತಿ ಮೀರಿತ್ತು. ಆಮ್ಯಾಲ ಪೂರಾ ಜೀವ ವರ್ಲ್ಡ್ ಸೂಪರ್‌ಬೈಕ್ ಮ್ಯಾಲ ಇಟ್ರು, ಅಲ್ಲಿ ಓಡೂದು ಶೋರೂಮಿನ್ಯಾಗ ಮಾರೂ ಗಾಡಿಯಿಂದ ಹುಟ್ಟಿದ ಗಾಡಿ, ಅದರಾಗ ಅವರ ಕೈ ಪಳಗಿತ್ತು. 2013ರಾಗ ಟಾಮ್ ಸೈಕ್ಸ್ ಚಾಂಪಿಯನ್ ಆದ, 2015ರಿಂದ 2020ರತನ ಸಾಲಾಗಿ ಆರು ವರ್ಷ ಜೊನಾಥನ್ ರಿಯಾ ಗೆದ್ದ. ತಮ್ಮ ಕೈಗೆ ಹೊಂದೂ ಅಂಗಳಕ್ಕ ಹೋದ್ರು ಅಷ್ಟ.

ಹಂಗಂತ ಹೋಗೂದ ಉತ್ತರ ಅಲ್ಲ. ನಮ್ಮ ಮಹೀಂದ್ರಾದವರನ್ನ ನೋಡ್ರಿ. 2012ರಾಗ ಮೋಟೋಜಿಪಿ ಕೆಳಗಿನ ಸಣ್ಣ ಗಾಡಿ ಕ್ಲಾಸ್ ಮೋಟೋ3ಕ್ಕ ಹೋದಾಗ ಗಾಡಿ ಹಿಂದ ಬಿದ್ದಿತ್ತು. ಅವರು ಚಾಂಪಿಯನ್‌ಶಿಪ್ ಬಿಡಲಿಲ್ಲ, ಗಾಡಿ ಬಿಟ್ರು, ಸೂಟರ್ ಕಂಪನಿ ಕೂಡ ಹೊಸಾದು ಮಾಡಿಸಿದ್ರು. 2013ರಾಗ ಮಲೇಷ್ಯಾದಾಗ ಮಿಗೆಲ್ ಒಲಿವೇರಾ ಪೋಡಿಯಂ ಹತ್ತಿದ, 2016ರಾಗ ಅಸೆನ್‌ದಾಗ ಪೆಕ್ಕೊ ಬಾನ್ಯಾಯಾ ಮಹೀಂದ್ರಾ ಮ್ಯಾಲ ರೇಸ್ ಗೆದ್ದ, ಮುಂದ ಅದ ಹುಡುಗ 2022, 2023 ಎರಡೂ ವರ್ಷ ಮೋಟೋಜಿಪಿ ಚಾಂಪಿಯನ್. ಕಂಪನಿ 2017ಕ್ಕ ಮೋಟೋ3 ಮುಗಿಸಿ ಕರೆಂಟ್ ಕಾರಿನ ರೇಸ್ ಫಾರ್ಮುಲಾ ಇ ಕಡೆ ಲಕ್ಷ ಕೊಡ್ತು. ಟೀಮಿನ ದಾರಿ ಒಂದು, ರೈಡರ್ ದಾರಿ ಇನ್ನೊಂದು ಆತಲ್ಲ, ನನ್ನ ಐದನೇ ಪ್ರಶ್ನಾ ಇದ. ಮತ್ತ ಸುಝುಕಿ, 2020ರಾಗ ಜೋವಾನ್ ಮೀರ್ ಕೈಲಿ ಮೋಟೋಜಿಪಿ ಚಾಂಪಿಯನ್, 2022ರ ಕಡೀ ರೇಸ್ ಗೆದ್ದು ಆ ಕಡೀ ರೇಸಿಗೇ ಬಾಗಲಾ ಹಾಕಿ ಹೋದ್ರು. ಗೆಲ್ಲಾಕ ಹತ್ತಿದವರೂ ಬಿಡ್ತಾರ, ರೊಕ್ಕದ ಲೆಕ್ಕ ಬ್ಯಾರೆನ ಇರತೈತಿ.

ಇದ್ದಲ್ಲೇ ಇರೂದು

ಮೊದಲನೇ ಆಯ್ಕೆ ಇದ, ಯಾಕಂದ್ರ ಜನ ಇದನ್ನ ಲೆಕ್ಕಕ್ಕ ತಗೊಳ್ಳೂದ ಇಲ್ಲ. ನ್ಯಾಷನಲ್ ರೋಡ್ ರೇಸಿಂಗ್ ನ್ಯಾಗ ಪ್ರೈವೇಟ್ ಟೀಮಿಗೆ ಇರೂ ಮರ್ಯಾದಿ ಬ್ಯಾರೆ ಎಲ್ಲೂ ಇಲ್ಲ, ನಿಮ್ಮ ಗಾಡಿ, ನಿಮ್ಮ ಇಂಜಿನ್ ಕೆಲಸ, ಗ್ರಿಡ್ ಮ್ಯಾಲ ಕಂಪನಿ ಟೀಮಿನ ಪಕ್ಕದಾಗ ನಿಂದ್ರತೀರಿ. ಮೊದಲನೇ ಸಲ ನಮ್ಮ ಗಾಡಿ ಸ್ಕ್ರೂಟಿನಿ (ರೇಸಿನ ಮೊದಲಿನ ಗಾಡಿ ತಪಾಸಣಿ) ಪಾಸ್ ಆದಾಗ, ರಾತ್ರಿ ಮೊಬೈಲ್ ಬ್ಯಾಟರಿ ಬೆಳಕಿನ್ಯಾಗ ಡ್ರೇನ್ ಬೋಲ್ಟಿಗೆ ಅದು ಬಿಚ್ಚಿ ಬೀಳದಂಗ ಲಾಕ್ ವೈರ್ ಹಾಕ್ಕೋತ ಕಾಕಾನ ಬೆರಳ ತುದಿ ಎಲ್ಲಾ ರಕ್ತ, ಮುಂಜಾನೆ ಸ್ಟಿಕರ್ ಹಚ್ಚಿದಾಗ ಅವರ ಮುಖ ಹೆಂಗ ಅರಳಿತ್ತಂದ್ರ ಇವತ್ತಿಗೂ ಮರ್ತಿಲ್ಲ.

ಇದ್ದಲ್ಲೇ ಇರೂದಿದ್ರ ಎರಡರಾಗ ಒಂದ ಬದಲ ಮಾಡ್ರಿ. ಇಬ್ರು ರೈಡರ್ ಇದ್ರ ಒಬ್ಬರಿಗೆ ಇಳೀರಿ, ಎರಡ ಗಾಡಿ ರೊಕ್ಕಾ ಒಂದ ಗಾಡಿಗೆ ಹಾಕ್ರಿ, ಉಳದ ರೊಕ್ಕದಾಗ ಟ್ರ್ಯಾಕ್ ಡೇ (ರೊಕ್ಕ ಕೊಟ್ಟ ಟ್ರ್ಯಾಕಿನ್ಯಾಗ ಪ್ರಾಕ್ಟೀಸ್ ಮಾಡೂ ದಿನ) ತಗೋರಿ. ಇಲ್ಲಾ ರೈಡರ್‌ನ್ನ ಸೀಸನ್ನಿನ ಮೂರು-ನಾಲ್ಕ ತಿಂಗಳು ಚೆನ್ನೈ ಅಥವಾ ಕೊಯಮತ್ತೂರು ಕಡೆ ಬಾಡಿಗಿ ರೂಮ್ ಹಿಡದ ಇಡ್ರಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇ 2.1 ಕಿಲೋಮೀಟರ್ ಸಣ್ಣ ಟ್ರ್ಯಾಕ್, ಕಡಿಮಿ ಪವರಿನ ಗಾಡಿ ಕಲಿಯಾಕ ಚಲೋ. ನಾಲ್ಕ ಸಲ ಪಿಕಪ್ ಓಡಿಸೂ ಡೀಸೆಲ್ ರೊಕ್ಕದಾಗ ಒಂದ ರೂಮಿನ ಬಾಡಿಗಿ ಏಳತೈತಿ. ಇವೆರಡೂ ಆಗೂದಿಲ್ಲಂದ್ರ ಮುಂದಿನ ವರ್ಷನೂ ಅದ 450 ಕಿಲೋಮೀಟರ್, ಅದ ಹದಿನೈದನೇ ಜಾಗಾ.

165 ಬಿಟ್ಟ 301–400 ಸಿಸಿ ಕ್ಲಾಸಿಗೆ ಹೋದ್ರ ಕಾಂಪಿಟಿಷನ್ ಕಡಿಮಿ ಅಂತ ಕೆಲವರು ಹೇಳ್ತಾರ. ಗಾಡಿ ದೊಡ್ಡದಾದಂಗ ಟಯರ್ ತಿನ್ನೂದು, ಬಿದ್ದಾಗ ಖರ್ಚು, ಜೋರು ಮೂರೂ ದೊಡ್ಡದಾಗತಾವು. ಲ್ಯಾಪ್ ಸಾಲದ ಟೀಮಿಗೆ ಅದು ಉಪಾಯ ಅಲ್ಲ.

ಒನ್ ಮೇಕ್: ರೈಡರ್ ಉಳೀತಾನ, ಗ್ಯಾರೇಜ್ ಖಾಲಿ ಆಗತೈತಿ

ಒನ್ ಮೇಕ್ ಅಂದ್ರ ಎಲ್ಲಾರಿಗೂ ಒಂದ ಕಂಪನಿದು, ಒಂದ ಥರದ ಗಾಡಿ. ಟಿವಿಎಸ್‌ನವರದು 1994ರಿಂದ ನಡದೈತಿ, ಅಪಾಚೆ ಆರ್‌ಟಿಆರ್ 200, ಆರ್‌ಆರ್ 310 ಗಾಡಿ ಮ್ಯಾಲ ಹುಡುಗೂರು ಬೆಳದಾರ, ಹೆಣ್ಮಕ್ಕಳಿಗೆ ಬ್ಯಾರೆ ಕ್ಲಾಸ್ 2016ರಿಂದ ಐತಿ. ರಾಯಲ್ ಎನ್‌ಫೀಲ್ಡ್ ಕಾಂಟಿನೆಂಟಲ್ ಜಿಟಿ ಕಪ್ 2021ರಾಗ ಶುರು ಆತು, 650 ಗಾಡಿ. ಹೋಂಡಾದವರು ಸಣ್ಣ ವಯಸ್ಸಿನ ಹುಡುಗೂರಿಗೆ ಎನ್‌ಎಸ್‌ಎಫ್250ಆರ್ ಅನ್ನೂ ಖರೇ ರೇಸಿಂಗ್ ಗಾಡಿ ಮ್ಯಾಲ ಟ್ಯಾಲೆಂಟ್ ಕಪ್ ನಡಸ್ಯಾರ. ಕೆಟಿಎಂ ಆರ್‌ಸಿ 390 ಕಪ್ ಬಂತು. ಗಾಡಿ, ಕ್ಲಾಸ್ ವರ್ಷಾ ವರ್ಷಾ ಬದಲಾಗತಾವು, ಆ ವರ್ಷದ ರೂಲ್ ಬುಕ್ ಕೈಯಾಗ ಹಿಡದ ಮಾತಾಡ್ರಿ.

ಇದರಾಗ ಸಾಮಾನ್ಯವಾಗಿ ಸೆಲೆಕ್ಷನ್ ಇರತೈತಿ, ಲ್ಯಾಪ್ ಟೈಮ್ ನೋಡಿ ಆರಸ್ತಾರ, ಆಮ್ಯಾಲ ಗಾಡಿ ಅವರದು, ಮೆಕ್ಯಾನಿಕ್ ಅವರದು. ರೈಡರ್ ಹೆಲ್ಮೆಟ್, ಸೂಟ್, ಬೂಟು ತಗೊಂಡ ರೈಲ್ ಹತ್ತಿ ಹೋದ್ರ ಮುಗೀತು. ಪಿಕಪ್ ಬ್ಯಾಡ, ಸ್ಪೇರ್ ಡಬ್ಬಿ ಬ್ಯಾಡ. ಕೈಯಾಗ ಎರಡ ಲಕ್ಷದೊಳಗ ರೊಕ್ಕ ಇದ್ದವರಿಗೆ ಟಾರ್ ಮ್ಯಾಲ ಇರಬೇಕಂದ್ರ ಇದೊಂದ ದಾರಿ ನನಗ ಕಾಣೂದು. ಎಲ್ಲಾರ ಗಾಡಿನೂ ಒಂದ ಥರ ಅಂದಾಗ ನಿಮ್ಮ ರೈಡರ್ ಖರೇ ಎಷ್ಟ ಫಾಸ್ಟ್ ಅನ್ನೂದೂ ಸಂಶಯ ಇಲ್ಲದ ಗೊತ್ತಾಗತೈತಿ. ಅಲ್ಲಿ ಮುಂದ ಬಂದ್ರ ಕಂಪನಿ ಟೀಮಿನವರ ಕಣ್ಣಿಗೆ ಬೀಳ್ತಾನ.

ನಷ್ಟ ಯಾರಿಗೆ? ಕಾಕಾಗ. ಇಪ್ಪತ್ತ ವರ್ಷ ಇಂಜಿನ್ ಬಿಚ್ಚಿದ ಕೈಗೆ ಅಲ್ಲಿ ಸ್ಪ್ಯಾನರ್ ಹಿಡಿಯಾಕ ಅವಕಾಶ ಇಲ್ಲ. ಟೀಮ್ ಅನ್ನೂದು ಹೆಸರಿಗೂ ಉಳಿಯೂದಿಲ್ಲ. ಮತ್ತ ಪ್ರಾಕ್ಟೀಸ್ ಸಮಸ್ಯಾ ಹಂಗ ಉಳೀತೈತಿ, ಟ್ರ್ಯಾಕ್ ಅವ, ದೂರ ಅಷ್ಟ. ನಿಮ್ಮ ರೈಡರ್ ವಯಸ್ಸು ಹದಿನೆಂಟರ ಒಳಗ ಇದ್ರ ಇದನ್ನ ಒಂದನೇ ನಂಬರಿಗೆ ಇಡ್ರಿ, ಇಪ್ಪತ್ತೈದು ದಾಟಿದ್ರ ಜಿಟಿ ಕಪ್ಪಿನಂಥಾದ್ದನ್ನ ನೋಡ್ರಿ, ಆ ಗಾಡಿ ಶೋರೂಮಿನ್ಯಾಗ 200 ಕಿಲೋ ಮ್ಯಾಲ ತೂಗತೈತಿ, ರೇಸ್ ಗಾಡಿ ಅದಕಿಂತ ಹಗುರ ಇದ್ರೂ ಅದನ್ನ ತಿರುಗಸಾಕ ಮೈಯಾಗ ಕಸುವು ಬೇಕ.

ರ‍್ಯಾಲಿ, ರ‍್ಯಾಲಿ ಸ್ಪ್ರಿಂಟ್: ನಮ್ಮ ಊರಿಗೆ ಹತ್ರದ್ದು

ಇಲ್ಲಿ ಸ್ವಲ್ಪ ಹೊತ್ತ ನಿಂದ್ರತೀನಿ, ಯಾಕಂದ್ರ ನಾವು ಹೋಗಿದ್ದು ಇದಕ್ಕ.

ರ‍್ಯಾಲಿಯೊಳಗ ಒಬ್ಬೊಬ್ಬರನ್ನ ಗ್ಯಾಪ್ ಬಿಟ್ಟ ಬಿಡ್ತಾರ, ಗಡಿಯಾರದ ಕೂಡ ಪಂದ್ಯ, ಬಾಜೂಕ ಯಾರೂ ಇರೂದಿಲ್ಲ. ಬಂದ್ ಮಾಡಿದ ಮಣ್ಣ ರೋಡು, ಅದು ಸ್ಪೆಷಲ್ ಸ್ಟೇಜ್. ಪೂರಾ ರ‍್ಯಾಲಿ ಆದ್ರ ಒಂದ ಸ್ಟೇಜಿಂದ ಇನ್ನೊಂದಕ್ಕ ಸಾಮಾನ್ಯ ರೋಡಿನ ಮ್ಯಾಲ ಹೋಗಬೇಕ, ಅದಕ್ಕ ಗಾಡಿಗೆ ಆರ್‌ಸಿ, ಇನ್ಶೂರೆನ್ಸ್, ಲೈಟು ಎಲ್ಲಾ ಸರಿ ಇರಬೇಕ. ಸ್ಪ್ರಿಂಟ್ ಅಂದ್ರ ಗಿಡ್ಡದು, ಒಂದ ಸ್ಟೇಜನ್ನ ತಿರಗ ಮುರಗ ಹೊಡಸ್ತಾರ. ಗಾಡಿ ಇಲ್ಲಿದ್ವ ನಡೀತಾವು, ಹೀರೋ ಎಕ್ಸ್‌ಪಲ್ಸ್, ಆರ್‌ಟಿಆರ್, ಹಳೇ ಇಂಪಲ್ಸ್ ಸೈತ. ನಿಮ್ಮ ಟಾರ್ ಗಾಡಿ ಆರ್‌ಟಿಆರ್ ಇದ್ರ ಇಂಜಿನ್ ಜ್ಞಾನ ವ್ಯರ್ಥ ಹೋಗೂದಿಲ್ಲ, ಸಸ್ಪೆನ್ಷನ್ ಮಾತ್ರ ಮೊದಲಿಂದ ಕಲೀಬೇಕ.

ಈಗ ನಕ್ಷಾ ತಗೀರಿ. ಹುಬ್ಬಳ್ಳಿಯಿಂದ ಬೆಂಗಳೂರು 410, ಪುಣೆ 430 ಹತ್ರ ಹತ್ರ, ಎರಡೂ ಹೈವೇ ಒಂದ, 48. ರ‍್ಯಾಲಿ ಕ್ಯಾಲೆಂಡರಿನ್ಯಾಗ ಮ್ಯಾಲಿಂದ ಮ್ಯಾಲ ಬರೂ ಊರು ಪುಣೆ, ನಾಶಿಕ, ಬೆಂಗಳೂರು, ಕೊಯಮತ್ತೂರು. ಟಾರ್ ರೇಸಿಂಗಿಗೆ ನಮ್ಮ ಊರು ಮೂಲ್ಯಾಗ ಬಿದ್ದೈತಿ, ಮಣ್ಣಿನ ಆಟಕ್ಕ ನಟ್ಟ ನಡಬರಕ ಐತಿ. ಮುಂಜಾನೆ ನಾಲ್ಕಕ್ಕ ಬಿಟ್ರ ಊಟದ ಹೊತ್ತಿಗೆ ಪುಣೆ ಮುಟ್ಟತೀರಿ.

ಪ್ರಾಕ್ಟೀಸ್ ಇನ್ನೂ ಹತ್ರ. ನಮಗ ಕಲಘಟಗಿ ಕಡೆ ಗೆಳೆಯಾರದು ಒಂದ ಹೊಲ ಐತಿ, ಮಸಾರಿ ಮಣ್ಣು, ಏರು ಇಳವು ಎರಡೂ ಅದಾವ, ರಾಶಿ ಮುಗದ ಮ್ಯಾಲ ರವಿವಾರ ರವಿವಾರ ಅಲ್ಲಿ. ಮೊದಲನೇ ಸೀಸನ್ನಿನ್ಯಾಗನ ನಮ್ಮ ಹುಡುಗ ಎಷ್ಟ ಹೊತ್ತ ಗಾಡಿ ಮ್ಯಾಲ ಇದ್ದಾ ಅಂದ್ರ ಮೂರು ವರ್ಷ ಟಾರಿನ್ಯಾಗ ಇದ್ದದ್ದನ್ನ ದೀಪಾವಳಿಯಿಂದ ಸಂಕ್ರಾಂತಿಯೊಳಗ ದಾಟಿದ. ಇಲ್ಲೆ ಒಂದ ತಪ್ಪು ಮಾಡಿದ್ವಿ, ನೀವು ಮಾಡಬ್ಯಾಡ್ರಿ. ಅಣ್ಣಿಗೇರಿ ಕಡೆ ಎರಿ ಹೊಲ ವಿಶಾಲ ಐತಿ ಅಂತ ಒಂದ ಸಲ ಮಳಿ ನಿಂತ ಎರಡನೇ ದಿನ ಹೋದ್ವಿ. ಎರಿ ಮಣ್ಣು ಮ್ಯಾಲ ಒಣಗಿದಂಗ ಕಾಣತೈತಿ, ಒಳಗ ಬೆಲ್ಲದ ಪಾಕ. ನೂರು ಮೀಟರ್ ಹೋಗೂದ್ರೊಳಗ ಮುಂದಿನ ಗಾಲಿ ಮತ್ತ ಮಡ್‌ಗಾರ್ಡ್ ನಡುವ ಮಣ್ಣು ಗಚ್ಚಿನಂಗ ತುಂಬಿ ಗಾಲಿ ತಿರಗೂದ ನಿಂತು ಹುಡುಗ ಹ್ಯಾಂಡಲ್ ಮ್ಯಾಲಿಂದ ಹಾರಿ ಬಿದ್ದ, ಕ್ಲಚ್ ಪ್ಲೇಟ್ ಸುಟ್ಟ ವಾಸನಿ, ಗಾಡಿ ಎಳದ ಹೊರಗ ತರಾಕ ಮಂದಿ ಕರೀಬೇಕಾತು. ಎರಿ ಮಣ್ಣಿನ್ಯಾಗ ಬ್ಯಾಸಿಗ್ಯಾಗ ಅಷ್ಟ, ಅದೂ ಬಿರುಕ ನೋಡ್ಕೊಂಡ. ಮಸಾರಿ ಮಣ್ಣು ಮಳಿ ಬಿಟ್ಟ ಮರದಿನಕ್ಕ ತಯಾರ್. ಮತ್ತ ಗದಗಿನವರು ಕಪ್ಪತಗುಡ್ಡದ ಕಡೆ ಗಾಡಿ ತಿರುಗಸಬ್ಯಾಡ್ರಿ, ಅದು ವನ್ಯಜೀವಿ ಧಾಮ, ಅಲ್ಲಿನ ಗಿಡಮೂಲಿಕಿ ನಮ್ಮ ಆಟಕಿಂತ ದೊಡ್ಡವು. ಹೊಲದವರನ್ನ ಕೇಳಿ, ಬದುವು ಹಾಳ ಮಾಡದ, ಅವರಿಗೆ ಒಪ್ಪಿಗಿ ಆದ್ರ ಅಷ್ಟ.

ಖರ್ಚಿನ ಬಾಬತ್ತು ಬ್ಯಾರೆ ಥರ ಇರತೈತಿ. ಟಯರ್ ಖರ್ಚ ಇಳೀತು, ಆದ್ರ ಏರ್ ಫಿಲ್ಟರ್ ದಿನಾ ತೊಳೀಬೇಕ, ಚೈನು ಸ್ಪ್ರಾಕೆಟ್ಟು ಲಗೂನ ಸವೀತಾವು, ಫೋರ್ಕ್ ಸೀಲ್, ಗಾಲಿ ಬೇರಿಂಗ್, ಸ್ಪೋಕ್ ಇವೆಲ್ಲಾ ಸಣ್ಣ ಸಣ್ಣ ಖರ್ಚು, ಕೂಡಿಸಿದ್ರ ಸಣ್ಣದಲ್ಲ. ಆದ್ರ ಎಲ್ಲಾ ಹುಬ್ಬಳ್ಳ್ಯಾಗ ಸಿಗತಾವು, ಸ್ಕಿಡ್ ಪ್ಲೇಟು, ಹ್ಯಾಂಡ್ ಗಾರ್ಡ್ ಬ್ರಾಕೆಟ್ಟು ನಮ್ಮ ಎಸ್ಟೇಟಿನ್ಯಾಗ ಮಾಡಿಸ್ಕೋಬಹುದು. ಕಾಕಾನ ಕೈಗೆ ಕೆಲಸ ಮರಳಿ ಬಂತು. ಸ್ಪಾನ್ಸರಿಗೂ ಹೇಳಾಕ ಮಾತ ಸಿಕ್ತು, ಗಾಡಿ ರೋಡಿನ ಮ್ಯಾಲ ಹೋಗತೈತಿ, ಹಳ್ಳಿ ಮಂದಿ ನೋಡ್ತಾರ, ಟ್ರ್ಯಾಕ್ಟರ್ ಟಯರ್ ಮಾರೂವರಿಗೆ, ಆಯಿಲ್ ಅಂಗಡಿಯವರಿಗೆ ಅದು ಬೇಕ.

ಅಂಜಿಕಿ ಒಂದೈತಿ, ಮುಚ್ಚಿಡೂದಿಲ್ಲ. ಸ್ಟೇಜಿನ್ಯಾಗ ಬಿದ್ರ ಟ್ರ್ಯಾಕಿನಂಗ ಅರ್ಧ ನಿಮಿಷದಾಗ ಮಂದಿ ಓಡಿ ಬರೂದಿಲ್ಲ, ತಿರುವಿನ ಆ ಕಡೆ ಗಿಡ ಇರತೈತಿ, ಕಲ್ಲಿರತೈತಿ. ಟಾರ್ ರೈಡರ್‌ಗ ಬ್ರೇಕ್ ಹಿಡಿಯೂ ಚಟಾನ ಬ್ಯಾರೆ, ಮಣ್ಣಿನ್ಯಾಗ ಮುಂದಿನ ಬ್ರೇಕ್ ಹಂಗ ಹಿಡದ್ರ ಅಲ್ಲೇ ಮಕ್ಕೋತಾನ. ನಮ್ಮ ಇಬ್ರು ರೈಡರ್ ಪೈಕಿ ಒಬ್ಬಾಂವ ಎರಡ ತಿಂಗಳು ಪ್ರಯತ್ನ ಮಾಡಿ "ಅಣ್ಣಾ ನನಗ ಇದು ಒಗ್ಗವಲ್ತು" ಅಂದ, ಒನ್ ಮೇಕ್ ಸೆಲೆಕ್ಷನ್‌ಗೆ ಹೋದ. ಕಣ್ಣಾಗ ನೀರ ತಂದು ಕಳಿಸಿದ್ವಿ, ಅಂವಾ ಹೋಗಿದ್ದು ಸರಿನ ಇತ್ತು.

ದಾರಿ ಮುಂದ ಇಲ್ಲ ಅನ್ನೂವರಿಗೆ ಒಂದ ಮಾತು. ಬೆಂಗಳೂರಿನ ಸಿ.ಎಸ್. ಸಂತೋಷ್ ಮಣ್ಣಿನ ಆಟದಿಂದನ ಬಂದು 2015ರಾಗ ಮರಳುಗಾಡಿನ್ಯಾಗ ಎರಡ ವಾರ ನಡಿಯೂ ಡಕಾರ್ ರ‍್ಯಾಲಿ ಮುಗಿಸಿದ ಮೊದಲನೇ ಭಾರತೀಯ ಆದ್ರು, 36ನೇ ಜಾಗಾ. ಬೆಂಗಳೂರಿನವರ ಐಶ್ವರ್ಯ ಪಿಸ್ಸೆ 2019ರಾಗ ಜಗತ್ತಿನ ಬೈಕ್ ರೇಸ್ ಸಂಸ್ಥೆ ಎಫ್‌ಐಎಂ ಬಾಹಾ (ಡಕಾರ್ ಥರದ್ದ, ಗಿಡ್ಡದು) ವರ್ಲ್ಡ್ ಕಪ್ಪಿನ ಹೆಣ್ಮಕ್ಕಳ ಕ್ಲಾಸ್ ಗೆದ್ರು. ಕೇರಳದ ಹರಿತ್ ನೋವಾ 2024ರ ಡಕಾರ್‌ದಾಗ ರ‍್ಯಾಲಿ2 (ಮ್ಯಾಲಿನ ಕ್ಲಾಸಿನ ಕೆಳಗಿಂದು) ಕ್ಲಾಸ್ ಗೆದ್ದು ಒಟ್ಟಿನ್ಯಾಗ 11ನೇ ಜಾಗಾ ಬಂದ್ರು. ದಕ್ಷಿಣದ ರೈಡರ್‌ಗ ಜಗತ್ತಿನ ಬಾಗಲಾ ತೆರದಿದ್ದು ಮಣ್ಣಿನ ಕಡಿಂದನ.

ಸೂಪರ್‌ಕ್ರಾಸ್

ಗುಡ್ಡಾ ಕಟ್ಟಿ, ಟೇಬಲ್‌ಟಾಪ್, ಡಬಲ್ ಜಂಪ್ ಹಾಕಿ ಮೈದಾನದಾಗ ಓಡಸ್ತಾರ, ಮಂದಿ ಸುತ್ತ ನಿಂತ ಕೇಕಿ ಹೊಡೀತಾರ, ನೋಡಾಕ ಇದರಷ್ಟು ಚಂದ ಬ್ಯಾರೆ ಇಲ್ಲ, ನಮ್ಮ ಹಾವೇರಿ ಕಡೆ ಹೋರಿ ಬೆದರಸೂ ಹಬ್ಬದಾಗ ಮಂದಿಗೆ ಏರೂ ಹುರುಪು ಇಲ್ಲೂ ಏರತೈತಿ. ಸ್ಪಾನ್ಸರಿಗೆ ಇದು ಎಲ್ಲಾದ್ರಕಿಂತ ಪಸಂದ ಬರೂ ಆಟ. ಆದ್ರ ಮುಂದಿನ ಸಾಲಿನ ಕ್ಲಾಸಿನ್ಯಾಗ ಹೊರದೇಶದ 250 ಗಾಡಿ, ಅದರ ಬೆಲಿ, ಅದರ ಪಿಸ್ಟನ್ ತಾಸಿನ ಲೆಕ್ಕದಾಗ ಬದಲಸೂದು, ಕಷ್ಟ ಇದ್ದ ಟೀಮಿಗೆ ಅದು ಬ್ಯಾಡ. ಇಂಡಿಯನ್ ಗಾಡಿಗೆ 260 ಸಿಸಿತನ ಬ್ಯಾರೆ ಕ್ಲಾಸ್ ಇರತಾವು, ಅದರಾಗ ಇಳೀಬಹುದು. ಜಂಪ್ ಸಣ್ಣದಿದ್ದಾಗ ಕಲತ ಹುಡುಗ ಬೇಕ, ಇಪ್ಪತ್ತೆರಡಕ್ಕ ಟಾರ್ ಬಿಟ್ಟ ಬಂದು ಡಬಲ್ ಹಾರ್ತೀನಿ ಅಂದ್ರ ಎಲಬು ಮುರಕೋತಾನ. 2024ರಾಗ ಪುಣೆ, ಅಹ್ಮದಾಬಾದ್, ಬೆಂಗಳೂರಿನ್ಯಾಗ ಸೂಪರ್‌ಕ್ರಾಸ್ ಲೀಗ್ ಶುರು ಆತು, ಅದು ಫ್ರಾಂಚೈಸಿ ಆಟ, ನಮ್ಮಂಥಾ ಗ್ಯಾರೇಜ್ ಟೀಮಿನ ಲೆಕ್ಕಕ್ಕ ಬರೂದಲ್ಲ. ನಿಮ್ಮಲ್ಲಿ ಹನ್ನೆರಡು ಹದಿಮೂರು ವರ್ಷದ ಹುಡುಗ ಇದ್ದು ಅಂವಗ ಹುಚ್ಚಿದ್ರ ಮಾತ್ರ ಇದನ್ನ ಮೊದಲ ಇಡ್ರಿ.

ಡ್ರ್ಯಾಗ್

ನಿಂತಲ್ಲಿಂದ ಬಿಟ್ಟು 402 ಮೀಟರ್ ಸೀದಾ ಹೊಡಿಯೂ ಆಟ. ಲೇಥ್ ಅಂಗಡಿ ಹುಡುಗೂರ, ಇದು ನಿಮ್ಮ ಸಲುವಾಗಿ ಬರದದ್ದು. ಇಂಜಿನ್ ಕಟ್ಟೂ ಕೈಗೆ ಇಷ್ಟ ಬೆಲಿ ಕೊಡೂ ಆಟ ಇನ್ನೊಂದಿಲ್ಲ, ಹೆಡ್ ಪೋರ್ಟಿಂಗು, ಗೇರ್ ರೇಷಿಯೋ, ಕ್ಲಚ್, ತೂಕ ಇಳಸೂದು ಎಲ್ಲಾ ನಿಮ್ಮ ಮಷೀನಿನ ಮ್ಯಾಲ ಆಗೂ ಕೆಲಸ, ರೈಡರ್ ಬೀಳೂ ಖರ್ಚು ಕಡಿಮಿ, ವರ್ಷಕ್ಕ ಹೋಗೂದೂ ಸ್ವಲ್ಪ ಸಲ. ನ್ಯಾಷನಲ್ ಡ್ರ್ಯಾಗ್ ಚೆನ್ನೈ ಟ್ರ್ಯಾಕಿನ್ಯಾಗನ ನಡದೈತಿ, ದೂರ ಹೌದು, ಆದ್ರ ಇಲ್ಲಿ ಲ್ಯಾಪ್ ಬೇಕಾಗಿಲ್ಲ, ತಯಾರಿ ಅಂಗಡ್ಯಾಗ ಆಗತೈತಿ, ಲಾಂಚ್, ಅಂದ್ರ ನಿಂತಲ್ಲಿಂದ ಗಾಡಿ ಬಿಡೂದು, ಕಲಿಯಾಕ ಅಷ್ಟ ಜಾಗಾ ಬೇಕ. ಆ ಜಾಗಾ ಬೈಪಾಸ್ ಅಲ್ಲ. ಇದನ್ನ ಕೈ ಮುಗದ ಹೇಳ್ತೀನಿ. ಹುಬ್ಬಳ್ಳಿ–ಧಾರವಾಡ ಬೈಪಾಸ್ ಮ್ಯಾಲ ಹೋದ ಜೀವ ಸಾಕು, ಸ್ಟ್ರಿಪ್ ಸಿಗದಿದ್ರ ಪ್ರಾಕ್ಟೀಸ್ ಬ್ಯಾಡ, ಪ್ರಾಕ್ಟೀಸ್ ಆಗದಿದ್ರ ಡ್ರ್ಯಾಗ್ ಬ್ಯಾಡ.

ಏಷ್ಯಾ ಚಾಂಪಿಯನ್‌ಶಿಪ್ ಬಗ್ಗೆನೂ ಒಬ್ರು ಕೇಳಿದ್ರು. ಥೈಲ್ಯಾಂಡು, ಮಲೇಷ್ಯಾ ತಿರಗೂ ಆಟ ಅದು, ಕಂಪನಿ ಹಿಂದಿಲ್ಲದ ಹೋಗೂ ಮಾತಲ್ಲ.

ಯಾರಿಗೆ ಯಾವುದು

ಗದಗದವರ, ನಿಮ್ಮದು ಇಪ್ಪತ್ತಾರು ವರ್ಷದ ರೈಡರ್, ನಿಮ್ಮ ಹತ್ರ ಆರ್‌ಟಿಆರ್ ಎರಡ ಅದಾವ, ವರ್ಷಕ್ಕ ನಾಲ್ಕ-ಐದು ಲಕ್ಷ ಎದ್ದು ಬರತೈತಿ ಅಂದ್ರಿ. ಒಂದ ಗಾಡಿ ಮಾರ್ರಿ, ಇನ್ನೊಂದನ್ನ ರ‍್ಯಾಲಿಗೆ ತಯಾರ್ ಮಾಡ್ರಿ. ಆದ್ರ ಮೊದಲ ನಾಲ್ಕ ರವಿವಾರ ಬ್ಯಾರೆಯವರ ಎಕ್ಸ್‌ಪಲ್ಸ್ ಎರವಲ ತಗೊಂಡು ಮಸಾರಿ ಹೊಲದಾಗ ಹೊಡಸ್ರಿ, ನಾಲ್ಕನೇ ರವಿವಾರ ಅಂವಾ ನಕ್ಕೋತ ಇಳದ್ರ ಮುಂದ ಹೋಗ್ರಿ, ಮುಖ ಗಂಟ ಹಾಕ್ಕೊಂಡ ಇಳದ್ರ ಒಬ್ಬನ ರೈಡರ್, ಒಂದ ಗಾಡಿ ಅಂತ ಟಾರಿನ್ಯಾಗ ಉಳೀರಿ. ಎದಿ ಗಾರ್ಡ್, ನೆಕ್ ಬ್ರೇಸ್, ನೀ ಗಾರ್ಡ್ ಇಲ್ಲದ ಆ ನಾಲ್ಕ ರವಿವಾರನೂ ಗಾಡಿ ಹತ್ತಸಬ್ಯಾಡ್ರಿ, ಟಾರಿನ ಲೆದರ್ ಸೂಟ್ ಮಣ್ಣಿನ್ಯಾಗ ಉಪಯೋಗಕ್ಕ ಬರೂದಿಲ್ಲ, ಅದನ್ನ ಮಾರಿದ್ರ ಇವು ಬರತಾವು.

ಲೇಥ್ ಅಂಗಡಿಯವರಿಗೆ ಡ್ರ್ಯಾಗ್ ಹೇಳಿದೆ, ಅದರ ಕೂಡ ನಮ್ಮ ರ‍್ಯಾಲಿ ಗಾಡಿಗೆ ಬ್ರಾಕೆಟ್ ಮಾಡಿದಂಗ ಬ್ಯಾರೆ ಟೀಮಿಗೂ ಮಾಡಿ ಕೊಡ್ರಿ, ನಿಮ್ಮ ಎಂಟ್ರಿ ಫೀಸ್ ಅದರಾಗನ ಏಳತೈತಿ.

ಯಾವುದಕ್ಕ ಹೋದ್ರೂ ದೇಶದ ಮೋಟಾರ್ ರೇಸಿಂಗ್ ನೋಡ್ಕೊಳ್ಳೂ ಸಂಸ್ಥೆ ಎಫ್‌ಎಂಎಸ್‌ಸಿಐ ಲೈಸೆನ್ಸ್, ಮೆಡಿಕಲ್ ಫಾರ್ಮು ಮೊದಲ ಮಾಡಿಸ್ರಿ, ಎಂಟ್ರಿ ಮುಚ್ಚೂ ಹಿಂದಿನ ದಿನ ಡಾಕ್ಟರ್ ಸಹಿ ಸಲುವಾಗಿ ಓಡಾಡಿ ಒಂದ ರೌಂಡ್ ಕಳಕೊಂಡೀವಿ ನಾವು.

ಹಾವೇರಿ ತಮ್ಮಗೋಳ, ನಿಮ್ಮ ಮಾತ ಕೇಳಿದಾಗಿಂದ ನನಗ ನಿದ್ದಿ ಸರಿ ಬರವಲ್ದು. ತಮ್ಮಗ ಹದಿನೇಳು, ಕೈ ಚಲೋ ಐತಿ, ಅಣ್ಣ ಮೆಣಸಿನಕಾಯಿ ಮಾರಿದ ರೊಕ್ಕದಾಗ ಗಾಡಿ ಕಟ್ಯಾನ. ಗಾಡಿ ಕಟ್ಟಿದ್ದು ಅಣ್ಣ, ಹಂಗಾಗಿ ತಮ್ಮ ಒನ್ ಮೇಕ್‌ಗೆ ಹೋದ್ರ ಅಣ್ಣಗ ಮನ್ಯಾಗ ಕುಂದ್ರೂ ಪಾಳಿ, ಅದಕ್ಕ ಇಬ್ರೂ ಬಾಯಿ ಬಿಡವಲ್ರಿ. ನಾನು ಹೇಳ್ತೀನಿ ಕೇಳ್ರಿ. ತಮ್ಮನ್ನ ಬರೂ ಸೆಲೆಕ್ಷನ್‌ಗೆ ಕಳಸ್ರಿ, ಅಂವನ ವಯಸ್ಸು ಕಾಯೂದಿಲ್ಲ. ರಿಸಲ್ಟ್ ಬರೂತನ ಗಾಡಿ ಮಾರಬ್ಯಾಡ್ರಿ, ಪೆಟ್ರೋಲ್ ತಗದು, ಬ್ಯಾಟರಿ ಬಿಚ್ಚಿ, ಸ್ಟ್ಯಾಂಡ್ ಮ್ಯಾಲ ನಿಂದರಸ್ರಿ. ಸಿಕ್ರ, ಅಣ್ಣಾ ನೀನು ಪಿಕಪ್ ತಗೊಂಡ ಹುಬ್ಬಳ್ಳಿಗೆ ಬಾ, ಮುಂದಿನ ಪುಣೆ ರೌಂಡಿಗೆ ನಮ್ಮ ಕಾಕಾಗ ಇನ್ನೊಂದ ಜೋಡಿ ಕೈ ಬೇಕಾಗೈತಿ.